ನೆತ್ತಿ ಹೆಂಚಿಗೆ ಎರಡು ಕಾಯಿ

ನನ್ನ ಬಾಯಿ ಕೆಟ್ಟದ್ದು ಅನ್ನುತ್ತಾರೆ. ಅನ್ನಲಿ. ನನ್ನ ದೊಡ್ಡಪ್ಪ ದೇವರಂಥವನು ಎಂದು ಹೊಗಳುವ ಮಂದಿ ಖಾನಾಪುರದಲ್ಲಿ ಇವತ್ತಿಗೂ ಇದ್ದಾರೆ, ಅವರ ಮುಂದೆ ಸುಮ್ಮನೆ ಕೂಡುವುದು ನನ್ನಿಂದ ಆಗುವುದಿಲ್ಲ. ನಮ್ಮ ಮನೆಯ ಚಾವಣಿಯನ್ನು ಗಾಳಿ ಒಯ್ದಿತು ಎಂದು ಅವರು ಹೇಳುತ್ತಾರೆ. ಪಾಪ, ಗಾಳಿಯ ಮೇಲೆ ಹೊರಿಸಿದರೆ ಅದೇನು ತಿರುಗಿ ಮಾತಾಡುತ್ತದೆಯೇ?

ಬ್ರಿಟಿಷರ ಕಾಲದ, ಇಪ್ಪತ್ತರ ದಶಕದ ಮಾತಿದು. ಅಪ್ಪ, ದೊಡ್ಡಪ್ಪ ಬೇರೆಯಾದಾಗ ಅಜ್ಜನ ಮನೆಗೆ ನಟ್ಟನಡುವೆ ಗೋಡೆ ಹಾಕಿದರು. ಪಡುವಣ ಭಾಗ ದೊಡ್ಡಪ್ಪನಿಗೆ, ಮೂಡಣ ಭಾಗ ನಮಗೆ. ಹಿತ್ತಲು ಹಂಚಿದರು, ಬಾವಿಯ ಹಗ್ಗಕ್ಕೂ ಸರದಿ ಹಚ್ಚಿದರು. ಆದರೆ ಚಾವಣಿಯ ಎರಡು ಇಳಿಜಾರು ಕೂಡುವ ನೆತ್ತಿಯ ಹೆಂಚುಸಾಲನ್ನು ಹಂಚುವುದು ಹೇಗೆ? ಅದು ಇಬ್ಬರದೂ ಇರಲಿ ಎಂದು ಹಿರಿಯರು ಹೇಳಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಎದ್ದು ಹೋದರು.

ನಮ್ಮ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಮುಂಗಾರು ತರುವ ಮಿರಗದ ಮಳೆಗೆ ಮೊದಲೇ ಗಾರೆ ಕೆಲಸದ ಗೌಂಡಿ ಬಂದು ಹೆಂಚು ಕೈಯಾಡಿಸಿ, ಒಡೆದದ್ದನ್ನು ಬದಲಿಸಿ, ನೆತ್ತಿ ಹೆಂಚುಗಳ ಸಂದಿಗೆ ಗಚ್ಚು ಮೆತ್ತಬೇಕು. ಇಲ್ಲದಿದ್ದರೆ ಘಟ್ಟದ ಕಡೆಯಿಂದ ಬರುವ ಗಾಳಿ ಅಲ್ಲಿಂದಲೇ ಒಳಗೆ ಹೊಕ್ಕು ಎಲ್ಲವನ್ನೂ ಎಬ್ಬಿಸುತ್ತದೆ. ಪಾಲಾದ ಮನೆಯಾದರೆ, ಆತ ನೆತ್ತಿ ಮುಟ್ಟುವ ಮೊದಲು ಎರಡೂ ಮನೆಯವರು ಒಂದೊಂದು ಕಾಯಿ ಒಡೆಯಬೇಕು. ನಾಳೆ ಜಗಳ ಬಂದರೆ ಗೌಂಡಿಯ ಕೊರಳಿಗೆ ಬರಬಾರದಲ್ಲ, ಅದಕ್ಕೆ. ಅಪ್ಪ ಇರುವತನಕ ನಮ್ಮ ಕಾಯಿ ಅಪ್ಪ ಒಡೆಯುತ್ತಿದ್ದ. ಅವನು ತೀರಿಕೊಂಡು, ಅವ್ವ ಮತ್ತು ಒಬ್ಬಳೇ ಮಗಳಾದ ನಾನು ಉಳಿದ ಮೇಲೆ ಬಂದ ಮೊದಲ ಬೇಸಿಗೆಯಲ್ಲಿ ಗೌಂಡಿ ನಮ್ಮ ಕಟ್ಟೆಯ ಮೇಲೆ ಕೂತು ತಲೆ ಕೆರೆದುಕೊಂಡ.

“ಅಕ್ಕಾರ, ನಿಮ್ಮ ಕಡಿ ಹೆಂಚ ಕೈಯಾಡಸ್ತೀನಿ. ನೆತ್ತೀದ ಮಾತ್ರ ಎರಡೂ ಕಾಯಿ ಬಿದ್ದ ಮ್ಯಾಲ ನೋಡೂಣು.”

ಅವ್ವ ನನ್ನನ್ನು ದೊಡ್ಡಪ್ಪನ ಹತ್ತಿರ ಕೇಳಲು ಕಳಿಸಿದಳು. ಅವನು ತಾನೇ ಎದ್ದು ನಮ್ಮ ಹೊಸ್ತಿಲಿಗೆ ಬಂದ. ಎಂಥ ಮೆತ್ತನೆಯ ದನಿ ಅವನದು! ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದ.

“ನೋಡವಾ, ಗಂಡಿಲ್ಲದ ಹೆಣ್ಣಮಗಳ ಕೈಲೆ ನೆತ್ತಿಗೆ ಕಾಯಿ ಒಡಸಾಕ ಬರೂದಿಲ್ಲ. ಎರಡೂ ಕಾಯಿ ನಾನ ಒಡೀತೀನಿ. ಇನ್ನ ಮ್ಯಾಲ ಎರಡೂ ಕಡಿ ಮನಿ ಭಾವನವರಽ ನೋಡ್ಕೋತಾರ ಅಂತ ಓಣ್ಯಾಗ ಒಂದ ಮಾತ ಹೇಳಿಬಿಡು, ಸಾಕು.”

ಹಾವೂ ಸಾಯಬೇಕು, ಕೋಲೂ ಮುರಿಯಬಾರದು! ಆ ಒಂದು ಮಾತು ಬಾಯಿಂದ ಹೊರಟರೆ ನಮ್ಮ ಅರ್ಧ ಮನೆ ಅವನದು, ನಾವು ಅವನ ಅಡುಗೆಮನೆಯ ಮೂಲೆಯವರು. ನನ್ನ ಸೋದರತ್ತೆ, ಅವನ ಒಡಹುಟ್ಟಿದವಳು, ಗಂಡ ಸತ್ತ ಮೇಲೆ ಅಲ್ಲೇ ಬೀಸುಕಲ್ಲಿನ ಮುಂದೆ ಕೂತು ಸವೆಯುತ್ತಿದ್ದಳು. ಅವ್ವ ಅದನ್ನು ದಿನಾ ನೋಡುತ್ತಿದ್ದಳು. ಬಾಗಿಲ ಮರೆಯಿಂದ ಅವಳು ಇಷ್ಟೇ ಅಂದಳು.

“ನಮ್ಮ ಕಾಯಿ ನಮ್ಮ ಮನ್ಯಾಗ ಇರಲಿ, ಭಾವಾರ.”

ಮರುದಿನವೇ ನನ್ನನ್ನು ಕರೆದುಕೊಂಡು ಬೆಳಗಾವಿಯ ರೈಲು ಹತ್ತಿದಳು. ಖಾಸಬಾಗದಲ್ಲಿ ಅವಳ ಅಣ್ಣ ಇದ್ದ. ಬಂದು ನಮ್ಮ ಪರವಾಗಿ ಕಾಯಿ ಒಡೆ ಎಂದು ಕೇಳಿದಳು. ಬೇರೆ ಮನೆತನದವನು ನೆತ್ತಿ ಮುಟ್ಟಿದರೆ ಕಾಲು ಮುರಿಯುತ್ತೇನೆ ಎಂದು ದೊಡ್ಡಪ್ಪ ಅವನಿಗೆ ಮೊದಲೇ ಹೇಳಿಕಳಿಸಿದ್ದ. ನಮ್ಮ ಮಾವ ಸಾಧು ಮನುಷ್ಯ. ಹೇಡಿಗೆ ನಾವು ಮನೆಯೊಳಗೆ ಬಳಸುವ ಮಾತು ಅದು. ಕಾಯಿ ಬೇಡ, ಬೇರೆ ಉಪಾಯ ತೋರಿಸುತ್ತೇನೆ ಎಂದು ನಮ್ಮನ್ನು ದಂಡಿನವರ ಕ್ಯಾಂಪಿಗೆ ಕರೆದೊಯ್ದ. ಅಲ್ಲಿ ಸಾಹೇಬರ ಕುದುರೆ ಲಾಯದಲ್ಲಿ ಒಂದೊಂದು ಹೆಂಚನ್ನೂ ಒಳಗಿನಿಂದ ತಂತಿ ಹಾಕಿ, ಅದು ಕೂಡುವ ಮರದ ರೀಪಿಗೆ ಕಟ್ಟಿದ್ದರು. ಅವ್ವ ಕತ್ತು ಎತ್ತಿ ನೋಡುತ್ತ ನಿಂತುಬಿಟ್ಟಳು, ಕಾವಲಿನವನು ಗದರಿಸುವವರೆಗೂ. ಮಾವ ಒಂದು ಸುರುಳಿ ತಂತಿ ಕೊಡಿಸಿ ನಮ್ಮನ್ನು ರೈಲಿಗೆ ಹತ್ತಿಸಿದ.

ವಿಧವೆ ಚಾವಣಿ ಹತ್ತಿದರೆ ಊರು ಸುಮ್ಮನಿರುತ್ತದೆಯೇ? ಅದಕ್ಕೇ ನಾವು ಅಟ್ಟದೊಳಗಿಂದ ಕಟ್ಟಿದೆವು. ನಾನು ತಂತಿ ತುಂಡರಿಸಿ ಕೊಡುವುದು, ಅವಳು ಹೆಂಚಿನ ಕಿವಿಗೆ ಪೋಣಿಸಿ ರೀಪಿಗೆ ಸುತ್ತಿ ತಿರುಚುವುದು. ಮಂಗಳೂರು ಹೆಂಚು ವೈಶಾಖದ ಬಿಸಿಲಿಗೆ ಕಾದ ಹಂಚಾಗಿತ್ತು. ಅವಳ ಬೆರಳೆಲ್ಲ ಸೀಳಿದವು. ಆದರೂ ಅಪ್ಪ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಆ ಅಟ್ಟದಲ್ಲೇ. ಇನ್ನು ಯಾರ ಕಾಯಿಯ ಹಂಗೂ ಇಲ್ಲ ಅನ್ನುತ್ತಿದ್ದಳು. ನೆತ್ತಿಯ ಸಂದಿಗಳು ಮಾತ್ರ ನಮ್ಮ ತಲೆಯ ಮೇಲೆ ಬೆಳಕು ಬಿಡುತ್ತ ಹಾಗೇ ಇದ್ದವು. ಅಲ್ಲಿಗೆ ಒಳಗಿನಿಂದ ಕೈ ನಿಲುಕುತ್ತಿರಲಿಲ್ಲ.

ಮಿರಗ ಕೂಡಿದ ವಾರದಲ್ಲಿ, ಊಟದ ಹೊತ್ತಿಗೆ ಗಾಳಿ ಬಂತು. ಮೊದಲು ನೆತ್ತಿ ಹೆಂಚು ಕಳಚಿ ಉರುಳಿದವು. ಆಮೇಲೆ ನಮ್ಮ ಕಡೆಯ ಇಳಿಜಾರು ಉಸಿರು ತೆಗೆದುಕೊಂಡ ಹಾಗೆ ಒಮ್ಮೆ ಉಬ್ಬಿತು. ಬಿಡಿ ಹೆಂಚಾಗಿದ್ದರೆ ನಾಲ್ಕು ಹಾರಿ ಉಳಿದವು ಉಳಿಯುತ್ತಿದ್ದವೋ ಏನೋ. ನಾವು ಕಟ್ಟಿದ್ದೆವಲ್ಲ, ರೀಪು ಹೆಂಚು ಎಲ್ಲ ಒಟ್ಟಿಗೇ ಕಿತ್ತು ಹಿತ್ತಲಿಗೆ ಬಿತ್ತು. ನಾವಿಬ್ಬರೂ ಅಪ್ಪನ ಮಂಚದ ಕೆಳಗಿದ್ದೆವು. ಒಲೆಯಲ್ಲಿ, ಅನ್ನದ ಗಡಿಗೆಯಲ್ಲಿ, ಕಾಳಿನ ಡಬ್ಬಿಗಳಲ್ಲಿ ಮಳೆ ಸುರಿಯಿತು.

ದೊಡ್ಡಪ್ಪನ ಇಳಿಜಾರು ಗಾಳಿಗೆ ಎದೆ ಕೊಟ್ಟು ಹಾಗೇ ಕೂತಿತ್ತು. ಮಳೆ ತುಸು ನಿಂತಾಗ ಅವನು ಕಂಬಳಿ ಹೊದ್ದು, ಹಿಂದೆ ಓಣಿಯ ಮಂದಿಯನ್ನು ಕಟ್ಟಿಕೊಂಡು ಬಂದ. ಬಿದ್ದ ರಾಶಿಯಲ್ಲಿ ಒಂದು ಹೆಂಚು ಎತ್ತಿ, ತಂತಿಯನ್ನು ಎಲ್ಲರಿಗೂ ತೋರಿಸಿದ.

“ಹೆಂಗಸರ ಕಟ್ಟಿದ್ದು ಹಿಂಗ ಆಕ್ಕೈತಿ. ಬಿಡಿ ಬಿಡಿ ಹೋಗೂದು, ಇಡಿಯಾಗಿ ಹೋತು.”

ಮಂದಿ ನಕ್ಕರು. ಅದನ್ನೇ ಮತ್ತೊಮ್ಮೆ ಮರಾಠಿಯಲ್ಲಿ ಹೇಳಿದ, ಉಳಿದವರೂ ನಕ್ಕರು. ನಗು ಮುಗಿದ ಮೇಲೆ ನಮ್ಮಿಬ್ಬರನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಅವ್ವನ ತಲೆಯ ಮೇಲೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ, ಹೋದಳು. ಗಾಳಿ ಬಂದಾಗ ತೂರಿಕೊಂಡವನನ್ನು ಊರು ಧರ್ಮಾತ್ಮ ಎಂದು ಕರೆಯಿತು.

ಮಳೆ ಹೊಳವಾದ ಕೂಡಲೇ ಗೌಂಡಿ ಬಂದ. ದೊಡ್ಡಪ್ಪ ಕಾಯಿ ಒಡೆದ, ಒಂದೇ ಕಾಯಿ. ಎರಡು ಬೇಕು ಎಂದಿದ್ದ ಗೌಂಡಿ ಈಗ ಒಂದಕ್ಕೇ ಏಣಿ ಹತ್ತಿದ. ಹೊಸ ರೀಪು, ಹೊಸ ಹೆಂಚು, ಈ ತುದಿಯಿಂದ ಆ ತುದಿಯವರೆಗೆ ನೆತ್ತಿಗೆ ಗಚ್ಚು. ದೊಡ್ಡವ್ವ ಎಲ್ಲರಿಗೂ ಕೊಬ್ಬರಿಯ ಚೂರು ಹಂಚುತ್ತ ಬಂದಳು. ಅವ್ವ ಸೋದರತ್ತೆಯ ಎದುರು ಬೀಸುಕಲ್ಲಿನ ಗೂಟ ಹಿಡಿದು ಕೂತಿದ್ದಳು. ತನ್ನ ಚೂರನ್ನು ನನ್ನ ಅಂಗೈಯಲ್ಲಿಟ್ಟಳು.

“ತಿನ್ನು. ನಮ್ಮ ಪಾಲಿಗೆ ಬಂದದ್ದು ಇಷ್ಟ.”

ನಮ್ಮ ಭಾಗದಲ್ಲಿ ದೊಡ್ಡಪ್ಪ ಎಮ್ಮೆ ಕಟ್ಟಿದ. ಆ ಮಳೆಗಾಲ ಪೂರ್ತಿ ಅವುಗಳ ಮೇಲೆ ಒಂದು ಹನಿ ಸೋರಲಿಲ್ಲ.