ಟ್ರಂಕಿನ ಮುಚ್ಚಳದ ಮೇಲಿನ ಲೆಕ್ಕ

ಮೊನ್ನೆ ಕೂಲರಿಗೆ ಹೊಸ ಲಾವಂಚದ ತಟ್ಟಿ ಹಾಕಿಸಿ ನೀರು ಬಿಟ್ಟೆ. ನಾಗ್ಪುರದ ಏಪ್ರಿಲ್ ಮಧ್ಯಾಹ್ನ, ಹೊರಗೆ ಕಾಲಿಟ್ಟರೆ ರಸ್ತೆಯೇ ಕಾದ ಹಂಚು. ಪಂಪು ಗುಳುಗುಳು ಎಂದು ನೀರೆಳೆದು, ತಟ್ಟಿ ನೆನೆದು, ಮೊದಲ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಆ ಹಸಿ ಬೇರಿನ ವಾಸನೆಯೊಳಗಿಂದ ಯಾರೋ, "ಉತ್ತರ ದೊಡ್ಡದು ಬರತೈತೋ, ಸಣ್ಣದೋ? ಮೊದಲ ಅಂದಾಜು ಹೇಳು" ಎಂದಂತಾಯಿತು. ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟು ಅಲ್ಲೇ ಕುಳಿತುಬಿಟ್ಟೆ…

ಅದು ಕೆಳಗಿನ ಮನೆ ಕಾಕೂ ಅವರ ದನಿ. ಹದಿನೆಂಟು ವರ್ಷಗಳ ಹಿಂದೆ ನಾವು ಇದೇ ಊರಿನ ಒಂದು ಬಾಡಿಗೆ ಕಟ್ಟಡದಲ್ಲಿದ್ದೆವು. ಅಪ್ಪನಿಗೆ ಬ್ಯಾಂಕಿನ ಕೆಲಸ, ನಮ್ಮದು ಧಾರವಾಡದ ಕಡೆ. ಕೆಳಗಿನ ಮನೆಯಲ್ಲಿ ವಾಯುಪಡೆಯ ಕಾಕಾ ಮತ್ತು ಕಾಕೂ, ಅವರದು ಬಾಗಲಕೋಟೆಯ ಕಡೆ. ಇಡೀ ಗಲ್ಲಿ ಮರಾಠಿ, ಹಿಂದಿ ಆಡುವಾಗ ಮೆಟ್ಟಿಲ ಮೇಲೆ ಕನ್ನಡ ಕಿವಿಗೆ ಬಿದ್ದರೆ ಬಳಗ ಕೂಡಿಕೊಳ್ಳಲು ಇನ್ನೇನು ಬೇಕು! ಕಾಕೂಗೆ ಆಗ ಮೂವತ್ತನಾಲ್ಕೋ ಮೂವತ್ತೈದೋ. ಗಣಿತದಲ್ಲಿ ಬಿ.ಎಸ್‌ಸಿ. ಬರೆದು, ಫಲಿತಾಂಶ ಬರುವ ಮೊದಲೇ ಮದುವೆಯಾಗಿ, ಆರು ಊರು ತಿರುಗಿದವರು. ನಾನು ಎಂ.ಸಿ.ಎ. ಪ್ರವೇಶ ಪರೀಕ್ಷೆಗೆ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ದೊಡ್ಡ ಮಾತು. ಗೈಡು ತೆರೆದಿಟ್ಟುಕೊಂಡು ತೂಕಡಿಸುತ್ತಿದ್ದೆ.

ನಮ್ಮ ಮನೆಯಲ್ಲಿ ಕೂಲರ್ ಕೆಟ್ಟಿದ್ದರಿಂದ ಒಂದು ಮಧ್ಯಾಹ್ನ ಪುಸ್ತಕ ಹಿಡಿದು ಅವರ ಮನೆಗಿಳಿದೆ. ಅಲ್ಲಿ ಮೇಜು ಇರಲಿಲ್ಲ. ಒಂಬತ್ತು ಕರಿ ಟ್ರಂಕುಗಳಿದ್ದವು. ಕುರ್ಚಿ, ಮೇಜು, ಟಿ.ವಿ. ಸ್ಟ್ಯಾಂಡು, ಎಲ್ಲವೂ ಆ ಟ್ರಂಕುಗಳೇ. ಕಾಕೂ ಎರಡು ಟ್ರಂಕುಗಳ ಮೇಲಿನ ಚಾದರ ತೆಗೆದರು, ಸೀಮೆಸುಣ್ಣ ಹಿಡಿದರು, ಮುಚ್ಚಳದ ಮೇಲೇ ಲೆಕ್ಕ ಹಾಕತೊಡಗಿದರು. ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಮತ್ತೆ ಕರಿ ಹಲಗೆ. "ಕಾಗದದ ಹಾಳಿ ಯಾಕ ಕೆಡಸ್ತಿ?" ಎನ್ನುತ್ತಿದ್ದರು.

ಅವರ ಲೆಕ್ಕದ ರೀತಿಯೇ ಬೇರೆ. ರೈಲು ಕಂಬವನ್ನು ದಾಟುವ ಪ್ರಶ್ನೆ ಬಂದರೆ ಕಣ್ಣು ಮುಚ್ಚಿ, "ಇಂಜಿನ್ ಬಂತು… ಡಬ್ಬಿ ಹೊಂಟಾವು… ಹೊಂಟಾವು… ಈಗ ಗಾರ್ಡಿನ ಡಬ್ಬಿ" ಎಂದು ಮೆಲ್ಲಗೆ ಹೇಳುತ್ತಿದ್ದರು. ಗಾಂಧಿಬಾಗ್ ಪೇಟೆಯಿಂದ ತಂದ ಹಸಿರು ಪರದೆಯ ಮಬ್ಬು ಬೆಳಕು, ಕೂಲರಿನ ಗುಂಯ್ ಸದ್ದು… ನನಗೆ ನಿಜಕ್ಕೂ ರೈಲು ಆ ಕೋಣೆಯೊಳಗೆ ಹಾದುಹೋದಂತೆ ಕಾಣುತ್ತಿತ್ತು. ಎಚ್ಚರವೋ ನಿದ್ದೆಯೋ ಹೇಳಲಾರೆ. ಕಣ್ಣು ಬಿಡುವ ಹೊತ್ತಿಗೆ ಉತ್ತರ ಮಾತ್ರ ಮುಚ್ಚಳದ ಮೇಲೆ ಬಿದ್ದಿರುತ್ತಿತ್ತು. ತೊಟ್ಟಿಗೆ ಒಂದು ನಳ ನೀರು ತುಂಬುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ ಎಂದರೆ, "ಎರಡೂ ನಳ ಬಿಟ್ಟು ಕುಂತ ಆ ಶಾಣ್ಯಾ ಯಾರವಾ?" ಎಂದು ಮೊದಲು ಬೈದು, ಆಮೇಲೆ ಬಿಡಿಸುತ್ತಿದ್ದರು.

"ನೀವೂ ಫಾರ್ಮ್ ತುಂಬ್ರಿ ಕಾಕೂ" ಎಂದೆ ಒಂದು ದಿನ. ನಕ್ಕುಬಿಟ್ಟರು. ಮರುದಿನ ಚಹಾದ ಲೋಟ ಕೊಡುತ್ತಾ, ನನ್ನ ಮುಖ ನೋಡದೆ, "ವಯಸ್ಸಿಂದು ಏನರ ಐತೇನ?" ಎಂದು ಕೇಳಿದರು. ಇರಲಿಲ್ಲ. ಇಬ್ಬರ ಫಾರ್ಮನ್ನೂ ನಾನೇ ಅಂಚೆಗೆ ಹಾಕಿ ಬಂದೆ.

ಅಷ್ಟರಲ್ಲಿ ಕಾಕಾಗೆ ಅಸ್ಸಾಮಿಗೆ ವರ್ಗವಾಯಿತು. ಕಾಕಾ ಒಳ್ಳೆಯ ಮನುಷ್ಯ, ಆದರೆ ಮಾತು ತೂಕದ್ದು. "ಸೀಟ್ ಸಿಕ್ರ ನೀ ಇಲ್ಲೇ ಇದ್ದು ಓದು, ನಾ ಬ್ಯಾಡ ಅನ್ನಂಗಿಲ್ಲ. ಇಲ್ಲಾಂದ್ರ ಉಳದ ಸಾಮಾನು ಕಟ್ಟಿಕೊಂಡು ಬಾ. ಈ ಒಂದ ಸಲ ನೋಡು" ಎಂದರು. ಅಂದಿನಿಂದ ಕಾಕೂ ತಮಾಷೆ ಕಡಿಮೆ ಮಾಡಿದರು. ಅಡುಗೆಮನೆಯ ಡಬ್ಬಿಗಳ ಮೇಲೂ ಸೀಮೆಸುಣ್ಣದ ಅಂಕಿಗಳು ಕಾಣತೊಡಗಿದವು.

ಒಂದರಿಂದ ನಾಲ್ಕನೆಯ ನಂಬರಿನ ಟ್ರಂಕುಗಳು ಕಾಕಾರ ಜೊತೆ ಹೋಗುವವು, ಉಳಿದವು ಇಲ್ಲೇ ಎಂದು ನಿಶ್ಚಯವಾಯಿತು. ಪ್ರತಿ ವರ್ಗಕ್ಕೂ ಸಾಮಾನು ಬದಲಾಗುವುದರಿಂದ ಮುಚ್ಚಳದ ಮೂಲೆಯಲ್ಲಿ ನಂಬರನ್ನು ಸೀಮೆಸುಣ್ಣದಲ್ಲೇ ಬರೆಯುತ್ತಿದ್ದರು. ಮೂರರಲ್ಲಿ ಕಾಕಾರ ಉಣ್ಣೆ ಬಟ್ಟೆ. ಐದರಲ್ಲಿ ಕಾಕೂ ಅವರ ಕಾಗದಪತ್ರದ ಫೈಲು, ಅದರೊಳಗೆ ಅಂಚೆಯಲ್ಲಿ ಬಂದ ಹಾಲ್ ಟಿಕೆಟ್ಟು. "ಊರೂರು ತಿರಗೋ ಮಂದಿ ಕಾಗದಾನ ಕಪಾಟಿನಾಗ ಇಡಂಗಿಲ್ಲವಾ. ಟ್ರಂಕಿನಾಗ ಇಟ್ಟು ಕೀಲಿ ಹಾಕ್ತೀವಿ" ಎನ್ನುತ್ತಿದ್ದರು.

ಆ ಬುಧವಾರ ನಾವು ಲೆಕ್ಕ ಹಾಕಲು ಕುಳಿತದ್ದು ಮೂರು ಮತ್ತು ಐದರ ಮೇಲೆ. ಒಂದು ಕೆಲಸವನ್ನು 'ಅ' ಹನ್ನೆರಡು ದಿನದಲ್ಲಿ ಮಾಡುತ್ತಾನೆ, 'ಬ' ಆರು ದಿನದಲ್ಲಿ. ಇಬ್ಬರೂ ಸೇರಿ ಎರಡು ದಿನ ಮಾಡಿದ ಮೇಲೆ 'ಬ' ಬಿಟ್ಟುಹೋಗುತ್ತಾನೆ. ಉಳಿದದ್ದಕ್ಕೆ 'ಅ'ಗೆ ಎಷ್ಟು ದಿನ?

"'ಬ' ಯಾಕ ಬಿಟ್ಟುಹೋದ ಕಾಕೂ?"

"ವರ್ಗ ಆಗಿರಬೇಕು ಪಾಪ. ಆರು ದಿನ, ಬರಿ" ಎಂದು ಚಹಾ ಇಡಲು ಎದ್ದುಹೋದರು.

ನಾನು ಬರೆದೆ. ಒದ್ದೆ ಬಟ್ಟೆ ತೆಗೆದುಕೊಂಡು ಎರಡೂ ಮುಚ್ಚಳಗಳನ್ನು ಮೂಲೆಯಿಂದ ಮೂಲೆಗೆ ಒರೆಸಿದೆ. ಒರೆಸಿಯಾದ ಮೇಲೆ ನೋಡುತ್ತೇನೆ, ನಂಬರುಗಳೂ ಹೋಗಿವೆ! ಯಾವುದು ಮೂರು, ಯಾವುದು ಐದು? ಅಡುಗೆಮನೆ ನಾಲ್ಕು ಹೆಜ್ಜೆ ದೂರ. ಕೇಳಬಹುದಿತ್ತು. "ಅಯ್ಯ, ಕಣ್ಣೆಲ್ಲಿ ಇಟ್ಟಿದ್ದಿ?" ಎಂದು ಬೈಸಿಕೊಳ್ಳಲು ಮನಸ್ಸಾಗಲಿಲ್ಲ. ಕಿಟಕಿಯ ಕಡೆಯದು ಮೂರು ಎಂದು ಯಾಕೋ ಅನ್ನಿಸಿತು… ಅದಕ್ಕೆ ಮೂರು, ಇನ್ನೊಂದಕ್ಕೆ ಐದು ಎಂದು ಬರೆದುಬಿಟ್ಟೆ. ಅವತ್ತೇ ಸಂಜೆ ಕಾಕಾ ಒಂದರಿಂದ ನಾಲ್ಕಕ್ಕೆ ಗೋಣಿತಟ್ಟು ಹೊಲಿಸಿದರು. ಗುರುವಾರ ಲಾರಿ ಬಂತು. ಶುಕ್ರವಾರ ಕಾಕಾ ರೈಲು ಹತ್ತಿದರು.

ಭಾನುವಾರ ಪರೀಕ್ಷೆ. ಶನಿವಾರ ಸಂಜೆ ಕಾಕೂ ಹಾಲ್ ಟಿಕೆಟ್ ತೆಗೆಯಲು ಹೋದಾಗ ಐದನೆಯ ಟ್ರಂಕಿನಲ್ಲಿ ಕೀಲಿಕೈ ತಿರುಗಲಿಲ್ಲ. ಮೂರ್ನಾಲ್ಕು ಸಲ ನೋಡಿ, ಕೊನೆಗೆ ಕಲ್ಲಿನಿಂದ ಬೀಗ ಒಡೆದರು. ಒಳಗೆ ಕಾಕಾರ ಸ್ವೆಟರುಗಳು, ನುಸಿಗುಳಿಗೆಯ ವಾಸನೆ. ಕಾಕೂ ಮೇಲಿನದೊಂದು ಸ್ವೆಟರನ್ನು ತೊಡೆಯ ಮೇಲಿಟ್ಟುಕೊಂಡು ಮಡಿಕೆ ಸರಿಮಾಡಿದರು. ಆಮೇಲೆ, "ನಂಬರ್ ನಾನ ತಪ್ಪ ಹಾಕೀನಿ ನೋಡು. ನನ್ನ ಧ್ಯಾನ ಎಲ್ಲಿತ್ತೋ ಏನೋ" ಎಂದರು. ಪಕ್ಕದಲ್ಲೇ ನಿಂತಿದ್ದೆ. ಬಗ್ಗಿ ಒಡೆದ ಬೀಗದ ಚೂರುಗಳನ್ನು ಆರಿಸತೊಡಗಿದೆ.

ಆದರೂ ಬೆಳಿಗ್ಗೆ ನನ್ನ ಜೊತೆ ಬಂದರು. ಉಮರೇಡ್ ರಸ್ತೆಯ ಒಂದು ಕಾಲೇಜು. ಗೇಟಿನವನು ಅವರ ಮಾತೆಲ್ಲ ಕೇಳಿ, "ತಿಕೀಟ ನಾಹೀ ತರ ಆತ್ ನಾಹೀ, ತಾಯೀ" ಎಂದ. ಟಿಕೆಟ್ಟಿಲ್ಲದೆ ಒಳಗಿಲ್ಲ. ಕಾಕೂ ವಾದಿಸಲಿಲ್ಲ. ತಮ್ಮ ಎರಡು ಪೆನ್ಸಿಲ್ಲುಗಳನ್ನೂ ನನ್ನ ಕೈಗಿಟ್ಟು, "ಹೋಗು, ಜಲ್ದಿ ಹೋಗು. ಗಡಬಡಿ ಮಾಡಬ್ಯಾಡ" ಎಂದರು. ಎರಡೂವರೆ ತಾಸು ಆ ಬಿಸಿಲಲ್ಲಿ ಒಂದು ಬೇವಿನ ಮರದ ಕೆಳಗೆ ಕಾದರು. ನಾನು ಹೊರಬಂದೊಡನೆ ಪ್ರಶ್ನೆಪತ್ರಿಕೆ ಕಸಿದುಕೊಂಡು, ಆಟೋದಲ್ಲಿ ಮನೆ ಮುಟ್ಟುವವರೆಗೆ ಒಂದೊಂದೇ ಲೆಕ್ಕವನ್ನು ಬಾಯಲ್ಲೇ ಬಿಡಿಸಿದರು. ನಾನು ತಪ್ಪು ಮಾಡಿದವೂ ಅವರಿಗೆ ಬರೋಬರ್ ಬಂದವು. ಸೆರಗು ತಲೆಯ ಮೇಲೆ ಎಳೆದುಕೊಂಡು ಮಗುವಿನ ಹಾಗೆ ಖುಷಿಪಡುತ್ತಿದ್ದರು. ನನಗೆ ಅವರ ಕಡೆ ನೋಡಲಾಗಲಿಲ್ಲ.

ಹದಿನೈದು ದಿನದಲ್ಲಿ ಕಾಕೂ ಮನೆ ಖಾಲಿ ಮಾಡಿ ಅಸ್ಸಾಮಿಗೆ ಹೋದರು. ನನಗೆ ಸೀಟು ಸಿಕ್ಕಿತು. ಸುದ್ದಿ ತಿಳಿದು ಫೋನು ಮಾಡಿದರು, ನನಗಿಂತ ಜೋರಾಗಿ ನಕ್ಕರು. ಆಮೇಲೆ, "ಇಲ್ಲಿ ಗೋಣಿತಟ್ಟು ಬಿಚ್ಚಿದೆನವಾ. ಫೈಲು ಐತಿ, ಹಾಲ್ ಟಿಕೆಟ್ಟೂ ಐತಿ. ಮುಚ್ಚಳದ ಮ್ಯಾಲೆ ಬರದಿದ್ದ ಮೂರು ಇನ್ನೂ ಹಂಗ ಐತಿ…" ಎಂದರು.

ಮೂರು ತಿಂಗಳು ನನ್ನ ಅಂಕಿಗಳನ್ನು ತಿದ್ದಿದವರಿಗೆ ನನ್ನ ಕೈಬರಹ ಗೊತ್ತಾಗದೇ ಇರುತ್ತದೆಯೇ? ಅವರು ಕಾದರು. ಬೈಯಲಿಲ್ಲ, ಕೇಳಲಿಲ್ಲ, ಸುಮ್ಮನೆ ಕಾದರು. ನಾನು ಏನು ಹೇಳಿದೆ ಗೊತ್ತೇ? "ಅಲ್ಲಿ ಮಳಿ ಭಾಳ ಐತೇನ್ರೀ ಕಾಕೂ?"

"ಹೂಂ, ಭಾಳ ಐತಿ. ಚಲೋ ಓದು" ಎಂದು ಫೋನಿಟ್ಟರು. ನಂತರ ಅವರ ನಂಬರು ಬದಲಾಯಿತು, ಊರು ಬದಲಾಯಿತು. ಹುಡುಕಬಹುದಿತ್ತು. ಹುಡುಕಲಿಲ್ಲ, ನಾಚಿಕೆಯಿಂದ.

ಆ ಸೀಟಿನ ಅನ್ನವನ್ನೇ ಇವತ್ತಿಗೂ ಉಣ್ಣುತ್ತಿದ್ದೇನೆ. ಹೋದ ವರ್ಷ ಅವ್ವ ಯಾರದೋ ಮದುವೆಗೆ ಊರಿಗೆ ಹೋದವಳು ಸುದ್ದಿ ತಂದಳು. ಕಾಕೂ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತಂತೆ. ಹೋದ ಹೋದ ಊರಲ್ಲೆಲ್ಲ ಪರೀಕ್ಷೆಗೆ ಕೂರುವ ಹೆಣ್ಣುಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರಂತೆ. ತಾವು ಮಾತ್ರ ಮತ್ತೆ ಯಾವ ಫಾರ್ಮನ್ನೂ ತುಂಬಲಿಲ್ಲವಂತೆ. ಯಾರಾದರೂ ಕೇಳಿದರೆ, "ಬ್ಯಾಡವಾ, ನಾ ಒಂದ ನಂಬರ್ ಬರೋಬರ್ ಬರೆಯೋಕಿ ಅಲ್ಲ" ಎಂದು ನಗುತ್ತಿದ್ದರಂತೆ.

ಇಲ್ಲ ಕಾಕೂ, ನೀವು ಬರೋಬರ್ ಬರೆದಿದ್ದಿರಿ. ತಪ್ಪು ನಂದು.