ಸಾವ್ಕಾರರ ಅಪ್ಪನ ಅಳತೆ

ರನ್ನ ಬೆಳಗಲಿಯ ಧರೆಪ್ಪ ಬಡಿಗೇರನ ಸಿಟ್ಟು ಸುತ್ತಲ ಹತ್ತು ಊರಿಗೆ ಗೊತ್ತಿತ್ತು. ಕುಂಟೆ, ಕೂರಿಗೆ ಎಲ್ಲ ಬಡಿಗರೂ ಮಾಡುತ್ತಾರೆ. ಶಿಕಾರಿ ಬಂದೂಕಿಗೆ ಮರದ ಹಿಡಿ ಕೂಡಿಸುವವನು ಮುಧೋಳ ಸೀಮೆಗೆಲ್ಲ ಅವನೊಬ್ಬನೇ. ಸಂಸ್ಥಾನದ ಕಾಲದಲ್ಲಿ ಅಪ್ಪನಿಂದ ಕಲಿತ ಕೆಲಸ. ಜಮಖಂಡಿ, ಬೀಳಗಿಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು, ಬೈಸಿಕೊಂಡು ಹೋಗುತ್ತಿದ್ದರು.

ಬೈಗುಳ ಎಲ್ಲ ಅಳತೆಯ ಸಲುವಾಗಿ. ಬಂದವನು ಎಂಥ ದೊಡ್ಡ ಮನುಷ್ಯನೇ ಆಗಲಿ, ಅಂಗಿ ಕಳೆದು, ಕಣ್ಣು ಮುಚ್ಚಿ, ಖಾಲಿ ಬಂದೂಕನ್ನು ಮೂರು ಸಲ ಹೆಗಲಿಗೆ ಏರಿಸಬೇಕು. ಧರೆಪ್ಪ ಮೊಣಕೈಯಿಂದ ತೋರುಬೆರಳಿನವರೆಗೆ ದಾರ ಹಿಡಿದು ಅಳೆಯುತ್ತಿದ್ದ, ಕೆನ್ನೆ ಎಲ್ಲಿ ತಾಗುತ್ತದೆ ನೋಡುತ್ತಿದ್ದ. ಆಮೇಲೇ ಬೀಟೆಯ ತುಂಡಿಗೆ ಉಳಿ. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಹಿಡಿ ಮೈಗೆ ಸರಿಹೊಂದಿದ್ದರೆ ಆ ಪೆಟ್ಟನ್ನು ಹೆಗಲು ತಾಳಿಕೊಳ್ಳುತ್ತದೆ, ಇಲ್ಲದಿದ್ದರೆ ಎಲುಬು ಮುರಿಯುತ್ತದೆ. "ನನ್ನ ಹಿಡಿ ಹಿಡದಾಂವ ಮೈಮ್ಯಾಲ ಒಂದ ಬಾಸುಂಡಿ ತೋರಸ್ಲಿ, ಉಳಿ ಮುಟ್ಟೂದ ಬಿಡ್ತೇನಿ" ಎನ್ನುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಯಾರೂ ತೋರಿಸಿರಲಿಲ್ಲ. ಅವನಿಗಿದ್ದ ಆಸ್ತಿ ಆ ಹೆಸರೊಂದೇ.

ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಹೊಳಬಸಪ್ಪ ಸಾವ್ಕಾರ ಬಂದ. ಎಪ್ಪತ್ತು ಎಕರೆ ಕಬ್ಬಿನ ಧಣಿ. ತೀರಿಹೋದ ಅಪ್ಪನ ರೈಫಲ್ಲಿನ ಹಿಡಿ ಸೀಳಿತ್ತು, ಹೊಸದು ಬೇಕಾಗಿತ್ತು. ಅಪ್ಪ ಆರಡಿ ಆಳು. ಮಗ ಅಪ್ಪನ ಕಂಕುಳಿಗೆ ಬರುತ್ತಿದ್ದ.

"ಅಂಗಿ ಕಳೀರಿ, ಅಳತಿ ತಗೋತೇನಿ" ಎಂದ ಧರೆಪ್ಪ.

"ಬಡಿಗ್ಯಾನ ಮುಂದ ನಾ ಅಂಗಿ ಕಳದು ನಿಂದರ್ಲೇನು? ಹಳೇ ಹಿಡಿಯಾಗ ನಮ್ಮಪ್ಪನ ಅಳತಿ ಐತೆಲ್ಲ, ಅದಕ್ಕ ಮಾಡು."

"ಅಪ್ಪಾವ್ರ ಎತ್ತರ ಬ್ಯಾರೆ ಇತ್ತ್ರಿ. ನಿಮಗದು ಹೆಗಲಾಗ ಕೂಡಂಗಿಲ್ಲ. ಎಲಬಿಗೆ ಹೊಡೀತೈತಿ."

"ನನ್ನ ಗಿಡ್ಡ ಅಂತೀಯೇನಲೇ? ಹೇಳಿದಷ್ಟ ಮಾಡು. ನಿಮ್ಮಪ್ಪ ನಮ್ಮ ಮನಿ ಅಂಗಳದಾಗ ಬಾಯಿ ಮುಚ್ಕೊಂಡ ಕೆಲಸ ಮಾಡ್ತಿದ್ದ, ನಿನಗ ಭಾಳ ಆಗೇತಿ."

ತನ್ನ ಸತ್ತ ಅಪ್ಪನನ್ನು ಎತ್ತಿ ಆಡಿದ್ದಕ್ಕೆ ಧರೆಪ್ಪನ ಮೈಯೆಲ್ಲ ಉರಿಯಿತು. ಒಲ್ಲೆ ಎಂದು ರೈಫಲ್ಲನ್ನು ಹೊರಗಿಟ್ಟು ಬಾಗಿಲು ಹಾಕಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಹದಿನೈದು ದಿನ ಹಲ್ಲು ಕಚ್ಚಿ ಕೆತ್ತಿದ. ಆರಡಿ ಆಳಿನ ಅಳತೆಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದ, ಅಗಸಿ ಎಣ್ಣೆ ಕುಡಿದು ಮಿರಮಿರ ಮಿಂಚುವ ಹಿಡಿ. 'ಒಮ್ಮೆ ಹೊಡದ ನೋಡ್ಲಿ ಮಗ, ಒದಿಸಿಕೊಂಡ ಮ್ಯಾಲ ತಾನ ಅಂಗಿ ಕಳದು ಬರ್ತಾನ' ಎಂದುಕೊಂಡು, ಬಾಯಿ ಬಿಡದೆ ಕೊಟ್ಟು ಕಳಿಸಿದ.

ಮುಂದಿನ ವಾರವೇ ಸುದ್ದಿ ಬಂತು. ಕಬ್ಬಿಗೆ ಹಂದಿ ನುಗ್ಗಿದ್ದಕ್ಕೆ ಗುಂಡು ಹಾರಿಸಿದ್ದರಂತೆ. ಕೆನ್ನೆ ಸೀಳಿ, ಹೆಗಲಿನ ಎಲುಬು ಮುರಿದಿತ್ತು. ಆದರೆ ಸಾವ್ಕಾರನದಲ್ಲ. ಹೊಲ ಕಾಯುವ ಹುಲೆಪ್ಪನದು. ಹುಲೆಪ್ಪನೆಂದರೆ ಧರೆಪ್ಪನ ಜೊತೆ ಸಾಲಿಗೆ ಹೋದವನು, ಅವನಂತೆಯೇ ಸಾಲಿ ಬಿಟ್ಟವನು; ಆಳು ಸಾವ್ಕಾರನಷ್ಟೇ ಗಿಡ್ಡ.

ಧರೆಪ್ಪ ಕೈಯಲ್ಲಿದ್ದ ಉಳಿಯನ್ನೂ ಇಡದೆ ಸಾವ್ಕಾರನ ಮನೆ ಕಟ್ಟೆಗೆ ಓಡಿದ. "ಹೊರಗ ಬರ್ರಿ! ಲೈಸನ್ಸ್ ನಿಮ್ಮ ಹೆಸರಿಲೆ, ಎಲಬು ಮುರಕೊಳ್ಳಾಕ ಹುಲೆಪ್ಪೇನ್ರಿ?"

"ಹಿಡಿ ಮಾಡಿದಾಂವ ನೀ, ನನಗೇನ್ ಕೇಳ್ತಿ?" ಎಂದ ಸಾವ್ಕಾರ ಬಾಗಿಲಲ್ಲೇ ನಿಂತು.

"ಒದೀತೈತಿ ಅಂತ ಹೇಳಿದ್ನಿಲ್ಲ? ನಾಚಿಕಿ ಆಗಂಗಿಲ್ಲ ನಿಮಗ!" ಧರೆಪ್ಪ ಇಡೀ ಓಣಿ ಕೇಳುವಂತೆ ಕೂಗಾಡಿದ. ಸೇರಿದ ಮಂದಿ ಧರೆಪ್ಪನದೇ ಖರೆ ಎಂದಿತು. ಸಾವ್ಕಾರ ಬಾಗಿಲು ಹಾಕಿಕೊಂಡ.

ಅದೇ ಆವೇಶದಲ್ಲಿ ಧರೆಪ್ಪ ಹುಲೆಪ್ಪನ ಮನೆಗೆ ಬಂದ. ಹುಲೆಪ್ಪ ಕಂಬಕ್ಕೆ ಒರಗಿ ಕೂತಿದ್ದ, ಬಲಗೈ ಎದೆಗೆ ಕಟ್ಟಿತ್ತು. ಹೆಂಡತಿ ತಂಗೆವ್ವ ಬಾಯಿಗೆ ಚಹಾ ಹಿಡಿದಿದ್ದಳು. ಇನ್ನು ಆ ಕೈಯಿಂದ ಕುಡಗೋಲು ಎತ್ತುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

"ಅವನ ಸೊಕ್ಕ ಮುರದ ಬಂದೆ" ಎಂದ ಧರೆಪ್ಪ.

ತಂಗೆವ್ವ ಕಪ್ಪು ಕೆಳಗಿಟ್ಟಳು. "ಒದೀತೈತಿ ಅಂತ ಗೊತ್ತಿತ್ತಂತಲ್ಲ ಅಣ್ಣ ನಿನಗ. ಗೊತ್ತಿದ್ದೂ ಯಾಕ ಮಾಡಿ ಕೊಟ್ಟಿ?"

"ಸುಮ್ಕಿರಬೇ" ಎಂದ ಹುಲೆಪ್ಪ. ಹೊಲಿಗೆ ಬಿದ್ದ ಕೆನ್ನೆಯಿಂದ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. "ಧರೆಪ್ಪ ಬೇಕಂತ ಮಾಡ್ಯಾನೇನು?"

ಧರೆಪ್ಪ ಅವನ ಮುಖ ನೋಡಿದ.

"ಬೇಕಂತನ ಮಾಡೀನಿ" ಎಂದ. "ಸಾವ್ಕಾರಗ ಬಡೀಲಿ ಅಂತ."

"ಸಾವ್ಕಾರ್ರು ಎಂದಾರ ಬಂದೂಕ ಹೆಗಲಿಗೆ ಹಚ್ಚ್ಯಾರೇನಣ್ಣ?" ತಂಗೆವ್ವ ಕೇಳಿದಳು. "ಎಂಟ ವರ್ಷದಿಂದ ಅವರ ಸಣ್ಣ ಬಂದೂಕಿಲೆ ಹಂದಿ ಹೊಡಿಯಾಂವ ಯಾರು ಅಂತ ಊರಿಗೆಲ್ಲ ಗೊತ್ತೈತಿ. ನಿನಗಷ್ಟ ನೆನಪಾಗಲಿಲ್ಲೇನು?"

ಧರೆಪ್ಪ ಇನ್ನೂ ಕೈಯಲ್ಲೇ ಇದ್ದ ಉಳಿಯನ್ನು ನೆಲಕ್ಕಿಟ್ಟ. ಹುಲೆಪ್ಪ ಅವನ ಕಡೆ ನೋಡದೆ ಹೇಳಿದ:

"ನೀ ನನಗೊಂದ ಮಾತ ಹೇಳಬೇಕಿತ್ತಪಾ."