ಈಬತ್ತಿಯ ಕಿಂಡಿ

ಮನೆಗೆ ಅಂಟಿಕೊಂಡಿರುವ ನಮ್ಮ ಗೋದಾಮಿನ ಹಿಂಬಾಗಿಲಿನ ಕೆಳಮೂಲೆಯಲ್ಲಿ ಒಂದು ಕಿಂಡಿ ಇದೆ. ತೆಂಗಿನಕಾಯಿಯೊಂದನ್ನು ಉರುಳಿಸಿಬಿಟ್ಟರೆ ಆಚೆ ಹೋಗುವಷ್ಟು ದೊಡ್ಡದು. ಮೂರು ಅಂಚುಗಳು ಬಡಗಿ ಬಿಟ್ಟುಹೋದ ಹಾಗೆಯೇ ಒರಟಾಗಿವೆ; ಕೆಳಗಿನ ಅಂಚು ಮಾತ್ರ ಎಣ್ಣೆ ಹಚ್ಚಿ ತೀಡಿದಂತೆ ನುಣುಪು. ಅದು ಉಳಿಯ ಕೆಲಸವಲ್ಲ, ವರ್ಷಾನುಗಟ್ಟಲೆ ಅದರ ಮೇಲೆ ಉಜ್ಜಿಕೊಂಡು ಹಾದುಹೋದ ಒಂದು ಬೆಕ್ಕಿನ ಹೊಟ್ಟೆಯ ಕೆಲಸ.

ಮಕ್ತಲಿನ ನಮ್ಮ ಓಣಿಯಲ್ಲಿ ಈ ಕಿಂಡಿಯ ಬಗ್ಗೆ ಒಂದು ಕತೆ ಈಗಾಗಲೇ ಗಟ್ಟಿಯಾಗಿದೆ. ನಮ್ಮ ಮುದಿ ಬೆಕ್ಕು ತನ್ನ ಗಳಿಗೆ ಬಂತೆಂದು ಮೊದಲೇ ತಿಳಿದು, ಯಾರ ಕಣ್ಣಿಗೂ ಬೀಳದ ಜಾಗ ಅರಸಿಕೊಂಡು ಮನೆ ಬಿಟ್ಟು ಹೊರಟಿತ್ತಂತೆ; ಕಿಂಡಿಯ ತನಕ ಬರುವಷ್ಟರಲ್ಲಿ ಕಾಲು ಸೋತು ಅಲ್ಲೇ ಜೀವ ಬಿಟ್ಟಿತಂತೆ. ಕೇಳಿದವರೆಲ್ಲ ತಲೆದೂಗುತ್ತಾರೆ. ನಾನು ತಲೆದೂಗಲಾರೆ. ಬೆಕ್ಕು ಮನೆಯಲ್ಲಿ ಸಾಯುವುದಿಲ್ಲವೆಂದು ಹೇಳುವವರನ್ನು ನಾನು ಒಬ್ಬೊಬ್ಬರಾಗಿ ವಿಚಾರಿಸಿದ್ದೇನೆ, ನೋಡಿದವರು ಯಾರೂ ಇಲ್ಲ. ಕಾಣೆಯಾದ ಬೆಕ್ಕನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ, ಏಕೆಂದರೆ ಕಾಣೆಯಾದದ್ದಕ್ಕೆ ಒಂದು ಕತೆ ಬೇಕು. ಒಲೆಯ ಮಗ್ಗುಲಲ್ಲೇ ಸತ್ತ ಬೆಕ್ಕನ್ನು ಮಣ್ಣು ಮಾಡಿ ಕೈ ತೊಳೆದುಕೊಂಡ ಮೇಲೆ ಅದರ ಬಗ್ಗೆ ಹೇಳಲು ಏನು ಉಳಿಯುತ್ತದೆ? ಹೀಗೆ ಹೊರಗೆ ಸತ್ತವು ಮಾತ್ರ ಸಾಕ್ಷಿಕಟ್ಟೆ ಹತ್ತುತ್ತವೆ, ಒಳಗೆ ಸತ್ತವನ್ನು ಯಾರೂ ಕರೆಯುವುದಿಲ್ಲ. ಇಂಥ ವಿಚಾರಣೆಯ ತೀರ್ಪನ್ನು ನೀವಾದರೂ ಒಪ್ಪುತ್ತೀರಾ?

ರಾಯಚೂರಿನ ಕಾಲೇಜಿನಿಂದ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಹೊತ್ತು ತರತೊಡಗಿದ ಮೇಲೆ ಮನೆಯಲ್ಲಿ ನನಗೆ ‘ವಕೀಲಮ್ಮ’ ಎಂದು ಹೆಸರು ಬಿದ್ದಿದೆ. ಹೆಸರಿಟ್ಟವಳು ನನ್ನ ಅಪ್ಪನ ತಾಯಿ, ನಾವು ಆಯಿ ಎಂದು ಕರೆಯುವವಳು. ಬೆಕ್ಕಿಗೆ ಹೆಸರಿಟ್ಟವಳೂ ಅವಳೇ. ಬೂದುಬಣ್ಣದ ಆ ಮರಿಯ ಹಣೆಯ ಮೇಲೆ ಅಡ್ಡಡ್ಡಲಾಗಿ ಬೆಳ್ಳನೆಯ ಪಟ್ಟೆಗಳಿದ್ದವು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದ ಆಯಿ ಅದನ್ನು ನೋಡಿ, “ನೋಡ್ರೇ, ಹುಟ್ಟುತ್ಲೇ ಈಬತ್ತಿ ಹಚ್ಗೊಂಡು ಬಂದೈತಿ, ನಮ್ಮ ಪೈಕೀನಾ ಐತಿ” ಎಂದಳಂತೆ. ವಿಭೂತಿಗೆ ನಮ್ಮ ಕಡೆ ಈಬತ್ತಿ ಎನ್ನುತ್ತೇವೆ. ಅಂದಿನಿಂದ ಅವಳು ಈಬತ್ತಿ, ನಮ್ಮ ಲಿಂಗವಂತರ ಮನೆಯ ಲಿಂಗವಂತ ಬೆಕ್ಕು.

ಈ ಲಿಂಗವಂತ ಬೆಕ್ಕಿನ ಕಾಯಕ ತೊಗರಿ ಗೋದಾಮಿನ ಇಲಿಗಳನ್ನು ಹಿಡಿದು ತಿನ್ನುವುದಾಗಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಂದೆ ವಾದಕ್ಕೆ ಬೇಕಾಗುತ್ತದೆ.

ಅಪ್ಪನದು ತೊಗರಿ ವ್ಯಾಪಾರ. ಅಂಗಡಿಯ ಬೋರ್ಡಿನ ಕೆಳಗೆ ಚೀಲದ ಮೇಲೆ ಮಲಗುವುದು ಈಬತ್ತಿಯ ಹಗಲಿನ ಕೆಲಸ. ಅವಳು ಮಲಗಿದ್ದಾಗಲೇ ಪೇಂಟರ್ ಏಣಿ ಹಾಕಿಕೊಂಡು ಬಂದು ಬೋರ್ಡಿನಲ್ಲಿದ್ದ ಆಂಧ್ರಪ್ರದೇಶವನ್ನು ಅಳಿಸಿ ತೆಲಂಗಾಣವೆಂದು ಬರೆದ. ಕೆಲವು ವರ್ಷ ಕಳೆದು ಅವನೇ ಮತ್ತೆ ಬಂದು ಮಹಬೂಬ್‌ನಗರ ಜಿಲ್ಲೆಯನ್ನು ಅಳಿಸಿ ನಾರಾಯಣಪೇಟ ಜಿಲ್ಲೆ ಮಾಡಿದ. ಮೈಮೇಲೆ ಎರಡು ಹನಿ ಬಣ್ಣ ಬಿದ್ದದ್ದಷ್ಟೇ, ಅವಳು ಕಣ್ಣು ತೆರೆಯಲಿಲ್ಲ. ನಾನು ಮಾತ್ರ ಕೃಷ್ಣೆಯ ಸೇತುವೆ ದಾಟಿದಾಗಲೆಲ್ಲ ಯಾವ ಕಡೆಯವಳೆಂದು ಉತ್ತರ ಕೊಡುತ್ತಿದ್ದೆ. ರಾಯಚೂರಿನ ಗೆಳತಿಯರಿಗೆ ನಾನು ತೆಲಂಗಾಣದವಳು, ನಾರಾಯಣಪೇಟೆಯ ಕಚೇರಿಗಳಲ್ಲಿ ಕನ್ನಡದವಳು. ಬೆಕ್ಕು ಮನುಷ್ಯರಿಗಲ್ಲ, ಮನೆಗೆ ಅಂಟಿಕೊಂಡಿರುತ್ತದೆ ಎನ್ನುತ್ತಾರಲ್ಲ, ಆ ಮಾತನ್ನು ಕೇಳಿದಾಗ ನನಗೆ ಕುತೂಹಲವಾಗುತ್ತಿತ್ತು: ಬೆಕ್ಕಿನ ಲೆಕ್ಕದಲ್ಲಿ ಮನೆ ಎಂಬುದು ಎಲ್ಲಿಗೆ ಮುಗಿಯುತ್ತದೆ?

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಈಬತ್ತಿ ನೀರು ಕುಡಿಯುವುದು ಹೆಚ್ಚಾಯಿತು. ಬಚ್ಚಲ ಹಂಡೆಯಲ್ಲಿ, ದನದ ಬಾನಿಯಲ್ಲಿ, ಆಯಿಯ ಪೂಜೆಯ ತಂಬಿಗೆಯಲ್ಲಿ ಕೂಡ ಮೂತಿ ಇಡತೊಡಗಿದಳು. ಬೆನ್ನಿನ ಎಲುಬು ಕೈಗೆ ಮಣಿಸರದಂತೆ ಸಿಗುತ್ತಿತ್ತು. ಬುಟ್ಟಿಯಲ್ಲಿಟ್ಟುಕೊಂಡು ದನದ ದವಾಖಾನೆಗೆ ಹೋದೆ. ಅಲ್ಲಿ ಕುರಿಗಳ ನಡುವೆ ಕೂತಿದ್ದ ಕರಿಕಂಬಳಿಯ ಮುದುಕನೊಬ್ಬ ಬುಟ್ಟಿಯೊಳಗೆ ಇಣುಕಿ, “ಏನವ್ವಾ, ಹುಲಿ ಹಿಡ್ಕೊಂಡು ಬಂದೀಯಲ್ಲ! ನನ್ನ ಕುರಿ ಗತಿ ಏನು?” ಎಂದ. ಈಬತ್ತಿ ಹುಲಿಯಂತೆಯೇ ಅವನ ಕಡೆ ನೋಡಿ ಕಣ್ಣು ಮುಚ್ಚಿಕೊಂಡಳು. ಡಾಕ್ಟರು ಹೊಟ್ಟೆ ಒತ್ತಿ, ಬಾಯಿ ಮೂಸಿ, ರಕ್ತ ತೆಗೆದು ರಾಯಚೂರಿಗೆ ಕಳಿಸಿ, ಕೊನೆಗೆ ತೆಲುಗಿನಲ್ಲಿ ಮೆತ್ತಗೆ ಹೇಳಿದರು: ಕಿಡ್ನಿ ಸೋತಿದೆ, ವಯಸ್ಸಿನ ರೋಗ, ವಾಸಿಯಾಗುವುದಿಲ್ಲ, ನಿಭಾಯಿಸಬಹುದು. ಚರ್ಮದಡಿಗೆ ಸಲೈನು ಹಾಕುವುದನ್ನು ತೋರಿಸಿಕೊಟ್ಟರು. ಊಟ ಬಿಡಬಾರದು, ಅದೇ ಮುಖ್ಯ. ಹಾಲು ಅನ್ನ ಒಲ್ಲೆನೆಂದರೆ ಮಾಂಸವನ್ನೇ ಮೆತ್ತಗೆ ಬೇಯಿಸಿ ಕೊಡಿ, ಏನು ತಿಂದರೂ ಸರಿ, ತಿನ್ನದೇ ಇದ್ದರೆ ಉಳಿಯುವುದಿಲ್ಲ ಎಂದರು.

ಹಳೆಯ ತಕ್ಕಡಿಯ ಕೊಂಡಿಗೆ ಸಲೈನು ಬಾಟಲಿ ತೂಗುಬಿಟ್ಟೆ. ಹೆಗಲುಗಳ ನಡುವಿನ ಚರ್ಮವನ್ನು ಮಡಿಕೆ ಮಾಡಿ ಎತ್ತಿ ಸೂಜಿ ಚುಚ್ಚಿದರೆ ನೀರು ಒಳಗಿಳಿದು ಬೆನ್ನ ಮೇಲೆ ಪುಟ್ಟದೊಂದು ಗುಡ್ಡವಾಗುತ್ತಿತ್ತು. ಒಂಟೆಯಾದ ಬೆಕ್ಕನ್ನು ಆಯಿ ತೊಡೆಯ ಮೇಲೆ ಹಿಡಿದು ಕೂರುತ್ತಿದ್ದಳು. ಈ ಕೆಲಸದಲ್ಲಿ ನಾವಿಬ್ಬರೂ ಒಂದೇ ಪಕ್ಷ. ಜಗಳವೆಲ್ಲ ಮಾಂಸದ ಮೇಲೆ, ಆಮೇಲೆ ಕಿಂಡಿಯ ಮೇಲೆ.

“ಇಷ್ಟು ವರ್ಷ ಈ ಮನ್ಯಾಗ ಆಕಿ ತಿಂದಿದ್ದೇನು ಆಯಿ, ಪುಠಾಣಿಯೇನು?” ಎಂದೆ.

“ಅದು ಆಕಿ ಕೆಲಸ.”

“ಕೈಕಾಲು ಗಟ್ಟಿ ಇದ್ದಾಗ ತಿಂದದ್ದು ಕೆಲಸ, ಬಿದ್ದಾಗ ನಾವು ಕೊಟ್ರ ಪಾಪ? ಇದ್ಯಾವ ನ್ಯಾಯ?”

ಅಪ್ಪ ಲೆಕ್ಕ ಬಿಟ್ಟು ನಕ್ಕ. “ಯವ್ವಾ, ಈಕಿಗೊಂದು ಕಪ್ಪು ಕೊಟ್ಟು ಸುಮ್ನ ಕುಂದ್ರಸು.”

“ಕಪ್ಪು ಆಕಿ ಹಂತೇಕ ಬೇಕಾದಷ್ಟು ಅದಾವ. ಒಂದ್ರಾಗರ ನನಗ ಚಾ ತಂದು ಕೊಟ್ಟಾಳೇನು ಕೇಳು,” ಎಂದು ಆಯಿ ಎದ್ದು ಹೋದಳು. ಮಾಂಸ ಹೊಸ್ತಿಲು ದಾಟಲಿಲ್ಲ. ಅಂಗಳದಲ್ಲಿ ಮೂರು ಕಲ್ಲಿಟ್ಟು ನಾನು ಬೇಯಿಸಿದ ಮೊಟ್ಟೆಯನ್ನು ಈಬತ್ತಿ ಮೂಸಿ, ಮುಂಗಾಲಿನಿಂದ ಮಣ್ಣೆಳೆದು ಮುಚ್ಚಿದಳು. ನನ್ನ ಅತ್ಯುತ್ತಮ ವಾದಕ್ಕೆ ಸಿಕ್ಕ ಅತಿ ಚಿಕ್ಕ ಉತ್ತರ ಅದು.

ಕಿಂಡಿ ಮುಚ್ಚಬೇಕೆಂದದ್ದು ನಾನು. ಹೊರಗೆ ಥಂಡಿ, ಓಣಿಯ ನಾಯಿಗಳು, ಅವಳ ಕಾಲಿನಲ್ಲಿ ಕಸುವಿಲ್ಲ; ಎಲ್ಲಾದರೂ ಬಿದ್ದರೆ ಸಲೈನು ಯಾರಿಗೆ ಹಾಕುವುದು?

“ದಾರಿ ಕಟ್ಟಬ್ಯಾಡ,” ಎಂದಳು ಆಯಿ.

“ಎಲ್ಲಿಗೆ ದಾರಿ?”

“ವಯಸ್ಸಾದ ಜೀವ. ಹೋಗಬೇಕನ್ನಿಸಿದಾಗ ಹೋಗ್ಲಿ. ಬೆಕ್ಕು ಮನ್ಯಾಗ ಸಾಯಂಗಿಲ್ಲ.”

“ಹಂಗಂತ ಬೆಕ್ಕು ಬಂದು ನಿನಗ ಹೇಳೇತೇನು?”

“ನಿನಗ ಹೇಳಿಲ್ಲಂದ್ರ ಯಾರಿಗೂ ಹೇಳಿಲ್ಲ ಅಂತೇನು?”

ನಾನು ಬಿಡಲಿಲ್ಲ. ಮೈಗೆ ಸರಿಯಿಲ್ಲದ ಪ್ರಾಣಿ ಅಡಗಿಕೊಳ್ಳುವುದು ಹೆದರಿಕೆಯಿಂದ. ಅದಕ್ಕೆ ಗೊತ್ತಿರುವುದು ನೋವು ಮಾತ್ರ, ಸಾವಲ್ಲ. ಅದನ್ನು ವೈರಾಗ್ಯವೆಂದು ಕರೆಯುವುದು ನಮ್ಮ ಅನುಕೂಲ ಎಂದೆಲ್ಲ ವಿಸ್ತಾರವಾಗಿ ಮಂಡಿಸಿದೆ. ಇವತ್ತಿಗೂ ಅದರಲ್ಲಿ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆಯಿ ಕೇಳಿಸಿಕೊಂಡಳು, ಮತ್ತೆ ಅಷ್ಟೇ ಹೇಳಿದಳು: ದಾರಿ ಕಟ್ಟಬ್ಯಾಡ. ಉತ್ತರವಿಲ್ಲದ ಎದುರಾಳಿ ಸೋತಂತೆ ಎಂಬುದು ನಮ್ಮ ಸ್ಪರ್ಧೆಗಳ ನಿಯಮ. ನಾನು ಇಟ್ಟಿಗೆ ತಂದು ಕಿಂಡಿಗೆ ಒತ್ತಿಟ್ಟೆ.

ಈಬತ್ತಿ ಮೊಸರನ್ನ ಬಿಟ್ಟಳು. ಹಾಲು ಬಿಟ್ಟಳು. ಇಟ್ಟಿಗೆಯ ಮುಂದೆ ಕೂತು ಅದನ್ನೇ ನೋಡುತ್ತಿದ್ದಳು. ಬೆನ್ನು ನಮ್ಮ ಕಡೆ, ಮುಖ ಇಟ್ಟಿಗೆಯ ಕಡೆ. ಓಣಿಯವರು ಬಂದು ನೋಡಿ, “ಆಕಿಗೆ ತಿಳಿದೈತಿ” ಎಂದರು. ಏನು ತಿಳಿದಿದೆಯೆಂದು ನಾನು ಕೇಳಿದರೆ ನನ್ನ ಕಡೆ ಮರುಕದಿಂದ ನೋಡಿದರು.

ಒಂದು ಭಾನುವಾರ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಇಟ್ಟಿಗೆ ಪಕ್ಕಕ್ಕಿತ್ತು, ಬೆಕ್ಕಿರಲಿಲ್ಲ. ಆಯಿ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. ನಾನು ಹಿತ್ತಲ ಬಾಗಿಲು ತೆರೆದು ಓಡಿದೆ. ಓಡುವ ಅಗತ್ಯವಿರಲಿಲ್ಲ, ಈಬತ್ತಿ ಹಿಂದಿನ ಸಂದಿಯಲ್ಲಿ ಗೋಡೆಗೆ ಮೈ ತಾಗಿಸಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ಕೂತು ಏಳುತ್ತ, ಆದರೆ ಒಮ್ಮೆಯೂ ದಿಕ್ಕು ತಪ್ಪದೆ ಹೋಗುತ್ತಿದ್ದಳು. ಎತ್ತಿಕೊಳ್ಳಲು ಬಾಗಿದವಳು ನಿಂತೆ. ಅವಳು ಎಲ್ಲಿಗೆ ಹೋಗುತ್ತಾಳೆಂದು ನೋಡಿದವರು ಯಾರೂ ಇಲ್ಲವೆಂದು ವಾದಿಸಿದವಳು ನಾನೇ ಅಲ್ಲವೇ? ನೋಡಿಯೇಬಿಡೋಣವೆಂದು ಹಿಂದೆ ಹೋದೆ.

ಅವಳು ಹೋಗಿ ಮುಟ್ಟಿದ್ದು ಕುರುಬರ ಮಾಳವ್ವನ ಅಂಗಳ. ಮಾಳವ್ವ ಹಿಂದಿನ ಓಣಿಯವಳು, ಆಯಿಯ ವಾರಿಗೆಯವಳು, ಮನೆದೇವರು ಮೈಲಾರಲಿಂಗ.

“ಎಲ್ಲಿ ಹೋಗಿದ್ಯೇ ಮೈಲಾರೀ, ಇಷ್ಟು ದಿನ?” ಎನ್ನುತ್ತ ಹೊರಬಂದ ಅವಳು ನಮ್ಮ ಲಿಂಗವಂತ ಬೆಕ್ಕಿನ ಮುಂದೆ ಬಟ್ಟಲಿಟ್ಟಳು. ಕುರಿಮಾಂಸದ ತಿಳಿಸಾರು, ಖಾರವಿಲ್ಲದ್ದು. ಈಬತ್ತಿ ಕುಡಿದಳು. ಕುಡಿಯುವಾಗ ಮಾಳವ್ವ ಬೆರಳಲ್ಲಿ ಭಂಡಾರ ತೆಗೆದು, ಹುಟ್ಟಿನಿಂದ ವಿಭೂತಿ ಧರಿಸಿದ್ದ ಆ ಹಣೆಯ ಮೇಲೆ ಎಳೆದಳು. ಭಾನುವಾರ ಮೈಲಾರಲಿಂಗನ ವಾರ; ನನಗೆ ಒಮ್ಮೆಲೇ ಎಷ್ಟೋ ಭಾನುವಾರಗಳು ನೆನಪಾದವು. ಬೆಕ್ಕಿನ ತಲೆಯ ಮೇಲಿನ ಆ ಹಳದಿ ಪುಡಿಯನ್ನು ನಾವೆಲ್ಲ ತೊಗರಿಬೇಳೆಯ ದೂಳೆಂದು ಒರೆಸಿ ಹಾಕಿದ್ದೆವು! ತೊಗರಿ ವ್ಯಾಪಾರದವರ ಮನೆಯಲ್ಲಿ ಹಳದಿಯಾದದ್ದೆಲ್ಲ ತೊಗರಿಯೇ; ದೇವರ ಅರಿಸಿನವೆಂದು ಯಾರಿಗೆ ಹೊಳೆಯಬೇಕು?

“ಯಾಕ ತಂಗಿ, ಹಂಗ್ಯಾಕ ನಿಂತಿ? ಕುಂದ್ರು ಬಾ. ನಿನಗ ಸಾರು ಕೊಡಂಗಿಲ್ಲ, ಹೆದರಬ್ಯಾಡ,” ಎಂದಳು ಮಾಳವ್ವ.

“ಇದು ಭಾಳ ದಿನದಿಂದ ನಡದೈತೇನು, ಮಾಳವ್ವಾ?”

“ನೀ ಸಣ್ಣಾಕಿ ಇದ್ದಾಗಿನಿಂದ.”

“ನಮ್ಮ ಆಯಿಗೆ ಗೊತ್ತಾದ್ರ...”

ಅವಳು ನಕ್ಕಳು. ಬಟ್ಟಲನ್ನು ತುಸು ನನ್ನ ಕಡೆ ತಿರುಗಿಸಿದಳು. ಅಂಚು ಸೀಳಿದ ಕಂಚಿನ ಬಟ್ಟಲು. ಈಬತ್ತಿ ಮರಿಯಾಗಿದ್ದಾಗ ನಮ್ಮ ಮನೆಯಲ್ಲಿ ಹಾಲು ಕುಡಿಯುತ್ತಿದ್ದದ್ದು. ಎಲ್ಲಿಯೋ ಕಳೆದುಹೋಯಿತೆಂದು ಆಯಿ ಹೇಳಿದ್ದದ್ದು.

ಮನೆಗೆ ಬರುವಾಗ ಬೆಕ್ಕು ನನ್ನ ತೋಳಲ್ಲಿತ್ತು, ಹೊಟ್ಟೆ ಬೆಚ್ಚಗಿತ್ತು. ನಾನು ಇಷ್ಟು ದಿನ ಖಂಡಿಸಿದ್ದು ಯಾವ ವಾದವನ್ನು? ಸಾಯುವ ಬೆಕ್ಕಿಗೆ ದಾರಿ ಬಿಡಬೇಕೆಂಬ ವಾದವನ್ನು. ಆಯಿ ಕಾಯುತ್ತಿದ್ದದ್ದೋ, ಉಣ್ಣುವ ಬೆಕ್ಕಿನ ದಾರಿಯನ್ನು. ಹಾಗೆಂದು ಹೇಳಿದ್ದರೆ ಮುಗಿಯುತ್ತಿತ್ತು ಎನ್ನುತ್ತೀರಾ? ನಾನೂ ಹಾಗೆಯೇ ಅಂದುಕೊಂಡೆ, ಆಮೇಲೆ ಯೋಚಿಸಿದೆ. ಹೇಳಿದ್ದರೆ ನಾನು ಅದನ್ನು ಅಪ್ಪನ ಮುಂದೆ ಎತ್ತುತ್ತಿದ್ದೆ, ನನ್ನ ವಾದಕ್ಕೆ ಬಲವೆಂದು ಬಳಸುತ್ತಿದ್ದೆ. ಲಿಂಗ ಕಟ್ಟಿದ ಮನೆಯ ಹಿರಿಯಳು ಹೌದೋ ಅಲ್ಲವೋ ಎಂದು ಎಲ್ಲರೆದುರು ತೀರ್ಪು ಕೊಡಬೇಕಾಗುತ್ತಿತ್ತು. ಮಾತಾಗಿ ಬಾಯಿಗೆ ಬಂದದ್ದಕ್ಕೆ ಮನೆಯಲ್ಲಿ ನಿಯಮ ಬೇಕು. ಬಾಯಿಗೆ ಬಾರದ್ದು ಕಿಂಡಿಯಲ್ಲಿ ಹೋಗಿ ಬರಬಹುದು. ಇದು ಕಪಟವೋ ಕರುಣೆಯೋ ಎಂದು ನನ್ನನ್ನು ಕೇಳಬೇಡಿ. ಎರಡೂ ಪಕ್ಷದಲ್ಲಿ ನಿಂತು ನಾನು ಮಾತಾಡಬಲ್ಲೆ, ಅದೇ ತೊಂದರೆ.

ನಾನು ಆಯಿಗೆ ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಇಟ್ಟಿಗೆ ಮಾತ್ರ ಅಂಗಳದ ತುಳಸಿಯ ಬುಡಕ್ಕೆ ಹೋಯಿತು. ಬೆಳಿಗ್ಗೆ ನನ್ನ ಸಲೈನು, ಮಧ್ಯಾಹ್ನ ಮಾಳವ್ವನ ಸಾರು, ರಾತ್ರಿ ಆಯಿಯ ಕೌದಿ. ಮೂವರು ಸೇರಿ ಆ ಚಳಿಗಾಲವನ್ನು ಅವಳಿಗೆ ದಾಟಿಸಿದೆವು. ನಾನು ಕೊಡಲಾರದ ಊಟವನ್ನು ಅವಳು ನಡೆದು ಹೋಗಿ ಉಣ್ಣುತ್ತಿದ್ದಳು, ಅವಳಿಗೆ ಬೇಡವಾದ ಸೂಜಿಯನ್ನು ನನಗಾಗಿ ಸಹಿಸುತ್ತಿದ್ದಳು. ಅವಳ ಮನೆ ಎಲ್ಲಿಗೆ ಮುಗಿಯುತ್ತದೆಂಬ ನನ್ನ ಕುತೂಹಲಕ್ಕೆ ಅರ್ಧ ಉತ್ತರವಂತೂ ಸಿಕ್ಕಿತ್ತು: ನಾವು ಅಂದುಕೊಂಡಿದ್ದಕ್ಕಿಂತ ಒಂದು ಸಂದಿಯಷ್ಟು ಆಚೆ.

ಬಿಸಿಲು ಏರತೊಡಗಿದ ದಿನಗಳಲ್ಲಿ, ನಾನು ಪರೀಕ್ಷೆಗೆಂದು ರಾಯಚೂರಿಗೆ ಹೋಗಿದ್ದ ಒಂದು ಮಧ್ಯಾಹ್ನ ಅವಳು ಸತ್ತಳು. ಕಿಂಡಿಯಲ್ಲಿ ಸಿಕ್ಕಿದಳಂತೆ, ಅರ್ಧ ಮೈ ಒಳಗೆ, ಅರ್ಧ ಹೊರಗೆ. ಮೊದಲು ಕಂಡವಳು, ಎತ್ತಿಕೊಂಡವಳು, ಆಯಿ. ನಾನು ಸಂಜೆಯ ಬಸ್ಸಿಗೆ ಬರುವಷ್ಟರಲ್ಲಿ ಹಿತ್ತಲ ಬೇವಿನಡಿ ಮಣ್ಣಾಗಿತ್ತು. ಹಸಿ ಮಣ್ಣಿನ ಮೇಲೆ ಚಿಟಿಕೆ ವಿಭೂತಿ, ಪಕ್ಕದಲ್ಲಿ ಚಿಟಿಕೆ ಭಂಡಾರ. ಸಾಯಾಕ ಹೊಂಟಿತ್ತು, ಕಿಂಡೀತನ ಬಂದು ಬಿತ್ತು ಎಂಬ ಕತೆ ಆಗಲೇ ಓಣಿಯನ್ನು ಸುತ್ತಿಯಾಗಿತ್ತು, ಮತ್ತು ಅದನ್ನು ಮೊದಲು ಹೇಳಿದವಳು ಆಯಿಯೇ.

ಆದರೆ ಅದು ಊಟದ ಹೊತ್ತು. ಹೋಗುವ ಬೆಕ್ಕೂ ಕಿಂಡಿಯಲ್ಲೇ ಹಾಯುತ್ತದೆ, ಬರುವ ಬೆಕ್ಕೂ ಕಿಂಡಿಯಲ್ಲೇ ಹಾಯುತ್ತದೆ. ನಾನು ಮಾಳವ್ವನನ್ನು ಕೇಳಿದೆ. ಅವಳು ಸಾರನ್ನು ಅಂಗಳದಲ್ಲಿಟ್ಟು ಗುಂಡುಮಾಲ್ ಊರಿನ ಮಗಳ ಮನೆಗೆ ಹೋಗಿದ್ದಳು; ತಿರುಗಿ ಬಂದಾಗ ಬಟ್ಟಲು ಬರಿದಾಗಿತ್ತು, “ಆದ್ರ ನಾಯಿ ಕುಡದಿದ್ದರೂ ಬರಿದಾ ಆಗತೈತಲ್ಲ ತಂಗಿ” ಎಂದಳು. ಇನ್ನು ಉಳಿದ ಸಾಕ್ಷಿ ಒಬ್ಬಳೇ.

ಈಗ ನಾನು ಕಿಂಡಿಯ ಮುಂದೆ ಕೂತಿದ್ದೇನೆ. ನುಣುಪಾದ ಅಂಚಿನ ಮೇಲೆ ಬೆರಳಾಡಿಸಿದರೆ ಅದು ಎರಡೂ ಕಡೆಗೂ ಒಂದೇ ಸಮನೆ ಸವೆದಿದೆ, ಅದರಿಂದ ಏನೂ ತಿಳಿಯುವುದಿಲ್ಲ. ಬಾಗಿಲಾಚೆಯ ಬಿಸಿಲಿನ ಒಂದು ತುಣುಕು ಒಳಗೆ ಬಿದ್ದಿದೆ. ಆಯಿ ಅಲ್ಲೇ ಮೊರ ಹಿಡಿದು ತೊಗರಿ ಕೇರುತ್ತಿದ್ದಾಳೆ. ಇಷ್ಟು ದಿನ ಕೇಳದೆ ಇದ್ದದ್ದನ್ನು ಇವತ್ತು ಕೇಳಿದೆ, ವಾದಕ್ಕಲ್ಲ, ಗೆಲ್ಲುವುದಕ್ಕಲ್ಲ.

“ಆಯಿ, ಖರೇ ಹೇಳು. ನೀ ಎತ್ತಿಕೊಂಡಾಗ ಆಕಿ ಮಾರಿ ಯಾ ಕಡೆ ಇತ್ತು?”